ಅವ್ವನ ಮೂಲೆಗೆ ಬಂದ ಕಂಪ್ಯೂಟರು

ಕಂಪ್ಯೂಟರಿನ ಮುಂದೆ ಹೋಗುವ ಮೊದಲು ಚಪ್ಪಲಿ ಹೊರಗೆ ಬಿಡುತ್ತಿದ್ದ ಕಾಲದ ಮಾತಿದು. ನಗಬೇಡಿ, ನೀವೂ ಬಿಟ್ಟಿದ್ದೀರಿ. ಶಾಲೆಯಲ್ಲಿ ವಾರಕ್ಕೊಮ್ಮೆ ನಮ್ಮನ್ನು ಸಾಲಾಗಿ ಆ ತಣ್ಣನೆಯ ಕೋಣೆಗೆ ಕರೆದೊಯ್ಯುತ್ತಿದ್ದರು. ಒಂದು ಯಂತ್ರಕ್ಕೆ ನಾಲ್ಕು ಮಂದಿ. ಮುಟ್ಟುವ ಭಾಗ್ಯ ಮೊದಲು ಕೂತವಳಿಗೆ ಮಾತ್ರ, ಉಳಿದವರು ಕೈಕಟ್ಟಿ ನೋಡಬೇಕು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಹನ್ನೊಂದು ವರ್ಷ. ಅಂಥದ್ದೊಂದು ಯಂತ್ರ ಮುಂಬಯಿಯ ಕುರ್ಲಾದ ನಮ್ಮ ಚಾಳಿಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ.

ನಮ್ಮದು ಒಂದೇ ಖೋಲಿ. ಒಳಗೆ ಕಾಲಿಟ್ಟರೆ ಬಲಕ್ಕೆ ಮಂಚ, ಎಡಕ್ಕೆ ಕಬ್ಬಿಣದ ಕಪಾಟು, ಎದುರಿಗೆ ಅಡುಗೆ ಕಟ್ಟೆ, ಅದರ ಮಗ್ಗುಲಲ್ಲಿ ಪಾತ್ರೆ ತಿಕ್ಕುವ, ಸ್ನಾನ ಮಾಡುವ ಮೋರಿ. ಕಿಟಕಿಯ ಕೆಳಗಿನ ಮೂಲೆ ಮಾತ್ರ ಅವ್ವನದು. ಅಲ್ಲಿ ಅವಳ ಹೊಲಿಗೆ ಮಷಿನ್ ಇತ್ತು, ಧಾರವಾಡದಿಂದ ಮದುವೆಯಾಗಿ ಬರುವಾಗ ತವರಿನವರು ಕೊಟ್ಟದ್ದು. ಮಧ್ಯಾಹ್ನ ಊಟವಾದ ಮೇಲೆ ಚಾಳಿನ ಹೆಂಗಸರು ಜಂಪರಿನ ಬಟ್ಟೆ ಹಿಡಿದು ಬರುತ್ತಿದ್ದರು. ಅಳತೆಗೆ ಐದು ನಿಮಿಷ, ಮಾತಿಗೆ ಎರಡು ತಾಸು. ನಾನು ಶಾಲೆಯಿಂದ ಬರುವಷ್ಟರಲ್ಲಿ ಖೋಲಿಯ ತುಂಬ ಮಷಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಶುಂಠಿ ಚಹಾ ಎಲ್ಲ ಸೇರಿದ ಒಂದು ವಾಸನೆ. ನೆಲದ ಮೇಲೆ ಬಿದ್ದ ಬಣ್ಣದ ಚಿಂದಿಗಳೆಲ್ಲ ನನ್ನವು. ಅವ್ವ ಮನೆಯಲ್ಲಿ ಹೆಚ್ಚು ಮಾತಿನವಳಲ್ಲ, ಆದರೆ ಆ ಮೂಲೆಯಲ್ಲಿ ಕೂತಾಗ ಅವಳ ನಗು ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಆ ತುದಿಗೆ ಕೇಳಿಸುತ್ತಿತ್ತು.

ಅಪ್ಪ ಪರೇಲಿನ ಒಂದು ಕಂಪನಿಯಲ್ಲಿ ಟೈಪಿಸ್ಟ್. ತನ್ನ ಬೆರಳುಗಳ ಬಗ್ಗೆ ಅವನಿಗೆ ಎಲ್ಲಿಲ್ಲದ ಜಂಬ. “ಸಾಹೇಬ್ರು ಹೇಳಿ ಬಾಯಿ ಮುಚ್ಚೂದರಾಗ ನನ್ನ ಪತ್ರ ಮುಗದಿರತದ” ಎನ್ನುತ್ತಿದ್ದ. ಸುಮ್ಮನೆ ಕೂತಾಗಲೂ ಅವನ ಬೆರಳು ತೊಡೆಯ ಮೇಲೆ ಏನಾದರೊಂದು ಟೈಪ್ ಮಾಡುತ್ತಲೇ ಇರುತ್ತಿದ್ದವು. ನಮ್ಮ ಹರಟೆಯನ್ನೂ ಅವನು ಹಾಗೇ ಟೈಪ್ ಮಾಡಿಕೊಳ್ಳುತ್ತಾನೆ ಎಂದು ನನಗೆ ಗುಮಾನಿ.

ಶ್ರಾವಣದ ಒಂದು ಸಂಜೆ ಅಪ್ಪ ಬಂದವನೇ ಕೈಕಾಲು ಕೂಡ ತೊಳೆಯದೆ ಮಂಚದ ಮೇಲೆ ಕೂತ.

“ಆಫೀಸಿನಾಗ ಟೈಪ್‌ರೈಟರ್ ಎಲ್ಲಾ ತಗೀತಾರಂತ. ದೀಪಾವಳಿ ಆದಮ್ಯಾಲೆ ಕಂಪ್ಯೂಟರ್ ಮ್ಯಾಲೆ ಪರೀಕ್ಷಾ. ಪಾಸಾದವರು ಕುರ್ಚಿ ಮ್ಯಾಲೆ. ಉಳದವರು ಭಿವಂಡಿ ಗೋದಾಮಿಗೆ.”

“ಗೋದಾಮಿನಾಗ ಟೈಪಿಸ್ಟ್ ಏನ ಮಾಡಬೇಕ್ರಿ?” ಅವ್ವ ಕೇಳಿದಳು.

“ಏನ ಮಾಡಬೇಕು, ಪೆಟ್ಟಿಗಿ ಇಳಸಬೇಕು, ಏರಸಬೇಕು.”

ಆಫೀಸಿಗೆ ಬಂದ ಕಂಪ್ಯೂಟರು ಎರಡೇ. ಹೊಸದಾಗಿ ಸೇರಿದ ಹುಡುಗರು ಅವಕ್ಕೆ ಅಂಟಿಕೊಂಡೇ ಇರುತ್ತಿದ್ದರು. ಅಪ್ಪನ ಪಾಳಿ ಬರುವಷ್ಟರಲ್ಲಿ ಜವಾನ ಬಂದು ದೀಪ ಆರಿಸುತ್ತಿದ್ದ. ಮನೆಯಲ್ಲೇ ಒಂದು ಯಂತ್ರ ಇದ್ದರೆ ಮಾತ್ರ ಕಲಿಯಲು ಸಾಧ್ಯ ಎಂದಾಯಿತು. ಅಂಧೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ನಮ್ಮ ವಾಸೂಕಾಕಾ, ಅಪ್ಪನ ತಮ್ಮ, ಆ ಭಾನುವಾರ ಬಂದ. ಅವನ ಅಂಗಡಿಗೆ ಎರಡು ಹಳೆಯ ಯಂತ್ರ ಬಂದಿದ್ದವು, ಪರೀಕ್ಷೆ ಮುಗಿಯುವವರೆಗೆ ಒಂದನ್ನು ಎರವಲು ಕೊಡುತ್ತೇನೆ ಎಂದ. ಒಂದು ಮೇಜಿನ ಮೇಲೆ ಕೂರುವಂಥದ್ದು, ಟಿವಿಯಷ್ಟು ದಪ್ಪದ ಪರದೆ, ಅದರಡಿ ಒಂದು ಡಬ್ಬಿ. ಇನ್ನೊಂದು ದುಬೈಯಿಂದ ಯಾರೋ ತಂದು ಮಾರಿದ್ದು, ಪುಸ್ತಕದ ಹಾಗೆ ಮಡಚುವಂಥದ್ದು. ಲ್ಯಾಪ್‌ಟಾಪ್ ಎಂಬ ಹೆಸರು ನಮ್ಮ ಬಾಯಿಗಿನ್ನೂ ಬಂದಿರಲಿಲ್ಲ. ನಮಗೆ ಅದು ‘ಮಡಚೂದು’.

“ಅಣ್ಣಾ, ನನ್ನ ಮಾತ ಕೇಳು, ಟೇಬಲ್ ಮ್ಯಾಲಿಂದು ತಗೋ. ಕೆಟ್ಟರ ನಾ ಬಿಚ್ಚಿ ಸರಿ ಮಾಡತೀನಿ. ಮಡಚೂದು ಕೆಟ್ಟರ ದೇವರ ಬರಬೇಕು” ಎಂದ ಕಾಕಾ.

ಅಪ್ಪ ಅವ್ವನ ಟೇಪು ತೆಗೆದುಕೊಂಡು ಖೋಲಿ ಅಳೆಯಲು ಶುರು ಮಾಡಿದ. ಮಂಚದ ಪಕ್ಕ ಆಗದು, ಕಪಾಟಿನ ಬಾಗಿಲು ತೆರೆಯಬೇಕು. ಕಟ್ಟೆಯ ಹತ್ತಿರ ಇಟ್ಟರೆ ಒಗ್ಗರಣೆ ಹಾರುತ್ತದೆ. ಮೋರಿಯ ಹತ್ತಿರದ ಮಾತೇ ಬೇಡ. ಹೀಗೆ ಸುತ್ತು ಹಾಕಿ ಕಡೆಗೆ ಅಪ್ಪ, ಕಾಕಾ, ನಾನು, ಮೂವರ ಕಣ್ಣೂ ಕಿಟಕಿಯ ಕೆಳಗಿನ ಮೂಲೆಗೆ ಬಂದು ನಿಂತವು. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ಟೇಪು ಸುತ್ತಿಟ್ಟು, “ಮಡಚೂದ ಇರಲಿ ವಾಸೂ. ಕಪಾಟಿನ್ಯಾಗ ಇಟ್ಟರಾತು” ಎಂದ. ರೊಟ್ಟಿ ತಟ್ಟುವ ಸಪ್ಪಳ ಮತ್ತೆ ಶುರುವಾಯಿತು.

ಎಡವಟ್ಟಾದದ್ದು ಆ ಕಪಾಟಿನಿಂದಲೇ. ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತುವನ್ನು ಬಳಸುವ ಪದ್ಧತಿಯೇ ಇರಲಿಲ್ಲ, ಇಡುವ ಪದ್ಧತಿ ಇತ್ತು. ಮದುವೆಯಲ್ಲಿ ಬಂದ ಗಾಜಿನ ಕಪ್ಪುಗಳು ನಾನು ಹುಟ್ಟುವ ಮೊದಲಿನಿಂದ ಹಳೇ ಪೇಪರಿನೊಳಗೆ ಮಲಗಿದ್ದವು. ಅವುಗಳ ಪಕ್ಕ ಮಡಚುವ ಕಂಪ್ಯೂಟರಿಗೂ ಜಾಗವಾಯಿತು, ಹೊದೆಯಲು ಅವ್ವನ ಧಾರೆ ಸೀರೆ. ಅದನ್ನು ತೆಗೆಯಬೇಕೆಂದರೆ ಕೈ ತೊಳೆಯಬೇಕು, ಒರೆಸಬೇಕು, ಅವ್ವನ ಹತ್ತಿರ ಕೀಲಿ ಕೈ ಇಸಿದುಕೊಳ್ಳಬೇಕು, ಎಲ್ಲಕ್ಕಿಂತ ಮೊದಲು ಬಾಗಿಲು ಹಾಕಬೇಕು. ಜನರ ಕಣ್ಣು ಬಿದ್ದೀತೆಂಬ ಭಯ ಅವ್ವನಿಗೆ, ಕಳ್ಳರ ಭಯ ಅಪ್ಪನಿಗೆ.

ಚಾಳಿನಲ್ಲಿದ್ದವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ. ಮಲಗುವ ಹೊತ್ತಾಗುವ ಮೊದಲು ಅಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆಂದರೆ ಒಂದೋ ಯಾರಿಗೋ ಹುಷಾರಿಲ್ಲ, ಇಲ್ಲವೇ ಗಂಡ ಹೆಂಡಿರ ಜಗಳ. ಮೊದಲ ಸಂಜೆ ಅಪ್ಪ ಯಂತ್ರ ಬಿಚ್ಚಿ ನಾಲ್ಕಕ್ಷರ ಒತ್ತಿರಲಿಲ್ಲ, ಪಕ್ಕದ ಖೋಲಿಯ ಶಾಂತಾ ಮಾವಶಿ ಬಾಗಿಲು ಬಡಿದಳು.

“ಕಾಯ್ ಝಾಲಂ? ದಾರ್ ಕಾ ಬಂದ್?”

ಅಪ್ಪ ಯಂತ್ರ ಮುಚ್ಚಿದ. ಅವ್ವ ಅದರ ಮೇಲೆ ಸೀರೆ ಎಸೆದಳು. ನಾನು ಬಾಗಿಲು ತೆಗೆದೆ. ಏನಾಯಿತು, ಬಾಗಿಲು ಯಾಕೆ ಹಾಕಿದಿರಿ ಎಂಬ ಅವಳ ಪ್ರಶ್ನೆಗೆ ಅವ್ವ ಅಪ್ಪನ ಕಡೆ ಕೈ ತೋರಿಸಿ, “ಇವರಿಗೆ ತಲೆನೋವು” ಎಂದಳು ಮರಾಠಿಯಲ್ಲಿ. ಹತ್ತು ನಿಮಿಷದಲ್ಲಿ ಮಾವಶಿ ಕಷಾಯ ಮಾಡಿಕೊಂಡು ಬಂದಳು. ಅಪ್ಪ ಕುಡಿದು ಲೋಟ ಕೊಡುವವರೆಗೂ ಅವಳು ಕದಲಲಿಲ್ಲ. ಮರುದಿನವೂ ಬಾಗಿಲು ಮುಚ್ಚಿತು, ಮುಲಾಮು ಬಂತು. ವಾರ ಕಳೆಯುವಷ್ಟರಲ್ಲಿ ಅಪ್ಪನಿಗೆ ಏನೋ ದೊಡ್ಡ ಕಾಯಿಲೆ ಎಂದು ಕೆಳಗಿನ ಮಜಲಿನವರೂ ನೋಡಲು ಬರತೊಡಗಿದರು. ಕಂಪ್ಯೂಟರಿನಲ್ಲಿ ಒಂದು ಪತ್ರ ಮುಗಿಸಲಾಗದ ಅಪ್ಪ ಬಟ್ಟಲುಗಟ್ಟಲೆ ಕಷಾಯ ಕುಡಿದ.

ಇನ್ನೊಂದು ಪಜೀತಿ ಅಪ್ಪನ ಎಡಗೈಯದು. ಟೈಪ್‌ರೈಟರಿನಲ್ಲಿ ಸಾಲು ಮುಗಿದೊಡನೆ ಟಿಂಗ್ ಎಂದು ಗಂಟೆಯಾಗುತ್ತದೆ, ಆಗ ಎಡಗೈಯಿಂದ ಹಿಡಿಕೆಯನ್ನು ಬಲಕ್ಕೆ ತಳ್ಳಬೇಕು. ಇಪ್ಪತ್ತು ವರ್ಷ ತಳ್ಳಿದ ಕೈ ಅದು, ಯಾರು ಹೇಳಿದರೂ ಕೇಳುತ್ತದೆಯೇ? ಸಾಲಿನ ತುದಿ ಬಂತೋ ಇಲ್ಲವೋ, ತಾನಾಗಿಯೇ ಎದ್ದು ಬೀಸುತ್ತಿತ್ತು. ಎದುರಿಗೆ ನೆಟ್ಟಗೆ ನಿಂತ ತೆಳ್ಳನೆಯ ಪರದೆಗೆ ಫಟ್ ಎಂದು ಏಟು. ಎರಡನೇ ಏಟಿಗೆ ಪರದೆಯ ಮೇಲೆ ಒಂದು ಕರಿ ಗೆರೆ ಮೂಡಿ ಹೋಯಿತು.

“ಮೆಲ್ಲಕ ಹೊಡೀರಿ, ಒಡದ ಗಿಡದೀತು” ಎಂದು ಅವ್ವ.

ಅಂದಿನಿಂದ ಅಪ್ಪ ಎರಡೇ ಬೆರಳಿನಲ್ಲಿ, ಕಾದ ಹಂಚನ್ನು ಮುಟ್ಟುವವನ ಹಾಗೆ ಒತ್ತತೊಡಗಿದ. ಯಾರ ವೇಗದ ಕಥೆ ಕೇಳಿ ನಾನು ಬೆಳೆದಿದ್ದೆನೋ ಆ ಅಪ್ಪ ಅಕ್ಷರ ಹುಡುಕುವ ಒಂದನೇ ಇಯತ್ತೆಯ ಹುಡುಗನ ಹಾಗೆ ಕೀಲಿಗಳ ಮೇಲೆ ಬೆರಳಾಡಿಸುವುದನ್ನು ನೋಡಲಾಗದೆ ನಾನು ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದೆ.

ನವರಾತ್ರಿ ಬಂತು. ಖಂಡೇ ಪೂಜೆಗೆ ಅವ್ವ ಕತ್ತರಿ, ಮಷಿನ್, ಅಪ್ಪನ ಪೆನ್ನು, ಮಡಚುವ ಕಂಪ್ಯೂಟರು ಎಲ್ಲಕ್ಕೂ ಸೇವಂತಿಗೆ ಏರಿಸಿದಳು. ಪೂಜೆ ಮುಗಿದು ಊಟಕ್ಕೆ ಕೂತಾಗ ಅಪ್ಪ ತಾಟು ನೋಡುತ್ತಲೇ ಹೇಳಿದ, “ನನ್ನ ಕೈಲೆ ಇದು ಆಗೂದಿಲ್ಲ. ಪೆಟ್ಟಿಗಿ ಇಳಿಸಿದರಾತು ಬಿಡು.” ಆ ಸಂಜೆ ಅವನ ಬೆರಳು ತೊಡೆಯ ಮೇಲೆ ಆಡಲಿಲ್ಲ. ನಾನು ಗ್ಯಾಲರಿಗೆ ಹೋಗಿ ಅತ್ತೆ.

ಮರುದಿನ ಬೆಳಿಗ್ಗೆ ಏಳುವಾಗಲೇ ಮಷಿನ್ನಿನ ಸಪ್ಪಳ. ಅವ್ವ ಹಳೆಯ ಹಸಿರು ಪರದೆ ಬಟ್ಟೆಯನ್ನು ಏನೋ ಚೌಕಾಕಾರವಾಗಿ ಹೊಲಿಯುತ್ತಿದ್ದಳು.

“ಯಾರದ ಇದು, ಇಷ್ಟ ಮುಂಜಾನೆ?” ಅಪ್ಪ ಕೇಳಿದ.

“ಕಂಪ್ಯೂಟರಿನ ಮ್ಯಾಲೆ ಹಾಕೂ ಗವಸಣಗಿ. ವಾಸೂಗ ಹೇಳಿ ಕಳಸ್ರಿ. ಮಡಚೂದು ಒಯ್ದು ಟೇಬಲ್ ಮ್ಯಾಲಿಂದು ತರಲಿ. ಬಾಗಲಾ ತಗದಿಟ್ಟು ಕಲೀರಿ. ಕಣ್ಣ ಬಿದ್ದರ ಬೀಳವಲ್ಲದ್ಯಾಕ.”

“ಮತ್ತ ನಿನ್ನ ಮಷಿನ್?”

“ಪರೀಕ್ಷಾ ಮುಗಿಯೂತನಕ ವಾಸೂನ ಮನ್ಯಾಗ ಇರಲಿ. ಅದೇನ ಓಡಿ ಹೋಗತದ?”

ಭಾನುವಾರ ಕಾಕಾ ಟೆಂಪೋ ತಂದ. ಅಪ್ಪ, ಕಾಕಾ ಇಬ್ಬರೂ ಮಷಿನ್ ಎತ್ತಿಕೊಂಡು ಮೂರು ಮಜಲು ಇಳಿದರು. ನಾನು ಮುಂದೆ ಮುಂದೆ ಓಡುತ್ತ “ಬಾಜೂ ಹಟೋ, ಬಾಜೂ ಹಟೋ” ಎಂದು ಕೂಗುತ್ತ ದಾರಿ ಬಿಡಿಸಿದೆ. ಹೊಸ ಯಂತ್ರ ಬರುವ ಖುಷಿಯಲ್ಲಿ ನನಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ. ಅವ್ವ ಕೆಳಗೆ ಬಂದಿದ್ದಳೋ ಇಲ್ಲವೋ, ಎಷ್ಟು ನೆನಪಿಸಿಕೊಂಡರೂ ನೆನಪಾಗುವುದಿಲ್ಲ.

ಆಮೇಲಿನ ಮೂರು ವಾರದಂಥ ಸಂಜೆಗಳನ್ನು ನಾನು ಮತ್ತೆ ಕಂಡಿಲ್ಲ. ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ಹೊರಗೆ ಗ್ಯಾಲರಿಯಲ್ಲಿ ಮಕ್ಕಳ, ದೊಡ್ಡವರ ಚಪ್ಪಲಿಯ ರಾಶಿ. ಅಪ್ಪ ಹಸಿರು ಗವಸಣಿಗೆ ತೆಗೆದು ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಅರಿಶಿಣ ಬಣ್ಣದ ಅಕ್ಷರ ಮೂಡುತ್ತಿದ್ದವು, ಎಲ್ಲಿ ಕೂತವರಿಗೂ ಕಾಣುವ ಹಾಗೆ. ಕೀಲಿಮಣೆ ಗಟ್ಟಿಯಾದದ್ದು, ಎಷ್ಟು ಬಡಿದರೂ ತಡೆದುಕೊಳ್ಳುತ್ತಿತ್ತು. ನಾವು ಮಕ್ಕಳು ಸರದಿಯಂತೆ ಶಾಲೆಯ ಇಂಗ್ಲಿಷ್ ಪುಸ್ತಕ ಓದಬೇಕು, ಅಪ್ಪ ಹೊಡೆಯಬೇಕು. ಸಾಲಿನ ತುದಿಗೆ ಅವನ ಎಡಗೈ ಗಾಳಿಯಲ್ಲಿ ಬೀಸಿದ ಕೂಡಲೇ ನಾವೆಲ್ಲ ಒಟ್ಟಿಗೆ ಕೈ ಬೀಸಿ “ಟಿಂಗ್” ಎಂದು ಕೂಗುತ್ತಿದ್ದೆವು. ಅಪ್ಪನೂ ನಕ್ಕು ನಕ್ಕು ತಪ್ಪು ಹೊಡೆಯುತ್ತಿದ್ದ. ಮಾವಶಿ ದೀಪಾವಳಿಯ ಚಕ್ಕಲಿ ಕರಿದು ತಂದು ಬಾಗಿಲಲ್ಲೇ ಕೂರುತ್ತಿದ್ದಳು. “ಹಾಗಾದರೆ ಆ ತಲೆನೋವು ಇದೇನಾ?” ಎಂದು ಅವಳು ಕೇಳಿದ್ದಕ್ಕೆ ಇಡೀ ಗ್ಯಾಲರಿ ನಕ್ಕಿತು. ಅವ್ವ ಹೆದರಿದ ಹಾಗೆ ಯಾರ ಕಣ್ಣೂ ಬೀಳಲಿಲ್ಲ.

ಪರೀಕ್ಷೆಯ ದಿನ ಅಪ್ಪ ಲೋಕಲ್ಲಿನ ನೂಕುನುಗ್ಗಲಲ್ಲಿ ಪೇಢೆಯ ಪೊಟ್ಟಣವನ್ನು ತಲೆಯ ಮೇಲೆ ಹಿಡಿದುಕೊಂಡೇ ಬಂದನಂತೆ. ಮೆಟ್ಟಿಲ ಕೆಳಗಿನಿಂದಲೇ, “ಶಾಲೂ, ಕುರ್ಚಿ ಉಳೀತು ಅಂತ ನಿಮ್ಮವ್ವಗ ಹೇಳು” ಎಂದ. ಅವ್ವ ದೇವರಿಗೆ ಎರಡು ಪೇಢೆ ಇಟ್ಟು, ಉಳಿದದ್ದನ್ನು ಖೋಲಿ ಖೋಲಿಗೆ ಹಂಚಿ ಬಂದಳು. ಅಷ್ಟು ಸಂತೋಷವನ್ನು ನಮ್ಮ ಮನೆ ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಆ ಕುರ್ಚಿಯಿಂದಲೇ ಅಪ್ಪ ನಿವೃತ್ತನಾದ. ಆದರೆ ಕಂಪ್ಯೂಟರು ಅಂಧೇರಿಗೆ ಮರಳಿ ಹೋಗಲಿಲ್ಲ. ಅಪ್ಪ ಇನ್ನಷ್ಟು ಕಲಿಯಬೇಕೆಂದ, ನಾನೂ ಕಲಿಯುತ್ತೇನೆ ಎಂದು ಹಟ ಹಿಡಿದೆ. ಕಾಕಾನ ಮನೆಯಲ್ಲಿ ಹೊಲಿಗೆ ಮಷಿನ್ನಿನ ಮೇಲೆ ಹಾಸು ಹಾಕಿ ಟಿವಿ ಇಟ್ಟರು. ನಮ್ಮಲ್ಲಿಗೆ ಬರುತ್ತಿದ್ದ ಹೆಂಗಸರು ಕೆಲವು ದಿನ ಬಾಗಿಲಲ್ಲಿ ನಿಂತು ಮಾತಾಡಿ, ಆಮೇಲೆ ಸ್ಟೇಷನ್ ಹತ್ತಿರದ ದರ್ಜಿಯ ಕಡೆ ಹೋಗತೊಡಗಿದರು. ನಾನು ಶಾಲೆಯಿಂದ ಬರುವಾಗ ಅವ್ವ ಸೆರಗು ಹೊದ್ದು ಮಲಗಿರುತ್ತಿದ್ದಳು. ಅವಳಿಗೆ ಈಗಲಾದರೂ ವಿಶ್ರಾಂತಿ ಸಿಕ್ಕಿತು ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡಿದ್ದೆ.

ಈಗ ಆ ಚಾಳೂ ಇಲ್ಲ, ಅಪ್ಪನೂ ಇಲ್ಲ. ಅಲ್ಲಿ ಆಡಿ ಬೆಳೆದ ನಾವು ಯಾವುದಾದರೂ ಮದುವೆಯಲ್ಲಿ ಸೇರಿದರೆ ಕಳೆದುಕೊಂಡದ್ದರ ಪಟ್ಟಿ ಶುರುವಾಗುತ್ತದೆ. ಗ್ಯಾಲರಿ ಹೋಯಿತು, ಕಷಾಯ ತರುವವರು ಹೋದರು, ಈಗ ವಾರಗಟ್ಟಲೆ ಬಾಗಿಲು ಹಾಕಿದ್ದರೂ ಯಾರೂ ಬಡಿಯುವುದಿಲ್ಲ. ನಾನೂ ದನಿ ಸೇರಿಸುತ್ತೇನೆ. ಅದೆಲ್ಲ ಸುಳ್ಳೂ ಅಲ್ಲ.

ಮೊನ್ನೆ ಮಗ ಕಾಲೇಜಿಗೆ ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂದು ಒಂದು ಸಂಜೆಯಿಡೀ ತಲೆ ತಿಂದ. ಬಟಾಣಿ ಸುಲಿಯುತ್ತ ಕೂತಿದ್ದ ಅವ್ವ, “ಎಲ್ಲೆ ಇಡಾಂವ ಇದ್ದೀ? ಮೊದಲ ಅದನ್ನ ಹೇಳು” ಎಂದಳು. ಅವನು ನಕ್ಕು ಒಳಗೆ ಹೋದ. ನನಗೆ ನಗು ಬರಲಿಲ್ಲ.

“ಅವ್ವಾ, ಪರೀಕ್ಷಾ ಮುಗಿದಮ್ಯಾಲೆ ಮಷಿನ್ ತರಸ್ರಿ ಅಂತ ನೀ ಯಾಕ ಅನಲಿಲ್ಲ?”

“ನೀವ ಯಾರರೆ ಅಂತೀರಿ ಅಂತ ಸುಮ್ಮನಿದ್ದೆ” ಎಂದಳು, ಕೈ ನಿಲ್ಲಿಸದೆ. “ಸಂಕ್ರಮಣದ ತನಕ ದಾರಿ ನೋಡಿದೆ. ಆಮ್ಯಾಲೆ ಬಿಟ್ಟೆ.”

ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ನಾನು ಅವಳ ಪಕ್ಕ ಕೂತು ಬಟಾಣಿ ಸುಲಿಯತೊಡಗಿದೆ. ಮಷಿನ್ ತರಿಸೋಣ ಎಂಬ ಎರಡು ಮಾತು ಆಡಲು ಆಗ ಮನೆಯಲ್ಲಿ ಇಬ್ಬರಿದ್ದೆವು, ಅಪ್ಪ ಮತ್ತು ನಾನು.