ಬಾವಿಗಿಳಿದ ಹುಡುಗಿ

ನೀಲಾ, ಬಾವಿಯೊಳಗೆ ಇಳಿದ ಆ ಹುಡುಗಿ ಸಾಯಲಿಲ್ಲ. ಸತ್ತಳು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಹೇಳುವ ಹೊತ್ತಿಗೆ ಪುಸ್ತಕದ ಕಡೆಯ ಪುಟಗಳನ್ನು ನಾನು ಓದಿಯೂ ಇರಲಿಲ್ಲ — ಓದದೆಯೇ, ಒಂದು ಮಗುವಿನ ಎದುರು ಇನ್ನೊಂದು ಮಗುವನ್ನು ಕೊಂದೆ.

ಇಪ್ಪತ್ತು ವರ್ಷಗಳಾದವು. ನಿನಗಾಗ ಹತ್ತು ತುಂಬಿತ್ತು. ನಿನ್ನ ಅಪ್ಪ ಅವ್ವ, ಅಂದರೆ ನನ್ನ ಅಣ್ಣ ವೈನಿ, ಮೆಹಕರದಲ್ಲಿ ಹೊಲ ನೋಡಿಕೊಂಡಿದ್ದರು. ನಾಲ್ಕಕ್ಷರ ಕಲಿಯಲಿ ಎಂದು ನಿನ್ನನ್ನು ಭಾಲ್ಕಿಗೆ, ನನ್ನ ಮನೆಗೆ ಕಳಿಸಿದ್ದರು. ಸರ್ಕಾರಿ ಶಾಲೆಯಲ್ಲಿ ನಾನು ಉರ್ದು ಮತ್ತು ಗಣಿತದ ಮಾಸ್ತರ. ಪಾಠವೆಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದ ಅಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲವಾಗಿ, ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ಕೂರಿಸಿ ನಿನಗೆ ಕನ್ನಡ ಕಲಿಸುತ್ತಿದ್ದೆ. ನಿನ್ನ ಲಗ್ನ ಔರಾದದ ಮನೆತನಕ್ಕೆ ನಿಶ್ಚಯವಾಗಿಹೋಗಿತ್ತು. ಇನ್ನೊಂದು ವರ್ಷ ಮಾತ್ರ ನೀನು ನಮ್ಮಲ್ಲಿ. ಅಷ್ಟರೊಳಗೆ ಶರಣರ ವಚನಗಳು, ಕಾಗದ ಬರೆಯುವುದು, ಕೂಡಿಸಿ ಕಳೆಯುವುದು — ಎಲ್ಲವನ್ನೂ ನಿನ್ನ ತಲೆಗೆ ತುಂಬಿ ಕಳಿಸಬೇಕೆಂಬ ಅವಸರ ನನಗೆ. ಅವಸರದಲ್ಲಿದ್ದವನು ಮಗುವಿನ ಮುಖ ನೋಡುವುದಿಲ್ಲ.

ಆ ಪುಸ್ತಕ ತಂದುಕೊಟ್ಟವನು ಬೀದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಿನ್ನ ಸೋದರಮಾವ. ಸೊಲ್ಲಾಪುರಕ್ಕೆ ಹೋದಾಗ ಯಾರದೋ ಮನೆಯಲ್ಲಿ ಸಿಕ್ಕಿತಂತೆ. ಮೊದಲ ನಾಲ್ಕು ಪುಟ ಇರಲಿಲ್ಲ. ಬರೆದವರು ಯಾರೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬ ಹುಡುಗಿ ಹಾಳುಬಾವಿಗೆ ಇಳಿಯುತ್ತಾಳೆ. ತಳದಲ್ಲಿ ನೀರಿನ ಬದಲು ಒಂದು ಊರು. ಅಲ್ಲಿಯ ಜನ ಮಾತಾಡುವುದು ಆಕೆಗೆ ತಿಳಿಯುವುದಿಲ್ಲ. ಊರ ಬಾಗಿಲು ಕಾಯುವ ಮುದಿ ಆಮೆಯೊಂದು ಆಕೆಗೆ ದಿನಕ್ಕೊಂದು ಕೆಲಸ ಹೇಳುತ್ತದೆ: ಗಾಳಿಯನ್ನು ಜರಡಿ ಹಿಡಿ, ನೆರಳುಗಳನ್ನು ಒಗೆದು ಒಣಹಾಕು. ನೀನು ರೊಟ್ಟಿ ತಟ್ಟುವಾಗಲೂ ಅದೇ ಧ್ಯಾನ. ನಿನ್ನ ಕಾಕಿಗೆ ಹೇಳುತ್ತಿದ್ದೆ, “ಕಾಕಿ, ಆಮಿ ಇವತ್ತ ಆಕೀಗಿ ಬೈಲಿಲ್ಲ. ಚಲೋ ಮಾಡ್ದಿ ಅಂತು.” ಹೇಳುವಾಗ ನಿನ್ನ ಮುಖ ಅರಳುತ್ತಿತ್ತು. ಆ ಮುಖವನ್ನು ಕಂಡೂ ನಾನು ಕಾಣಲಿಲ್ಲ.

ಒಂದು ಮಧ್ಯಾಹ್ನ ನೀನು ಮಾಡಿದ ಐದು ಲೆಕ್ಕಗಳಲ್ಲಿ ನಾಲ್ಕು ತಪ್ಪಿದ್ದವು. ಪಾಟಿಯ ಕೆಳಗೆ ಪುಸ್ತಕ ಅಡಗಿತ್ತು. ಕಸಿದುಕೊಂಡೆ. ನೀನು ಹಟ ಮಾಡಲಿಲ್ಲ. ಎದ್ದು ನಿಂತು ಒಂದೇ ಮಾತು ಕೇಳಿದೆ.

“ಕಾಕಾ, ಪುಸ್ತಕ ನೀವೇ ಇಟ್ಕೋರಿ. ಆಕಿ ತಿರುಗಿ ಮ್ಯಾಲ ಬರ್ತಾಳೋ ಇಲ್ಲೋ, ಅಷ್ಟ ಹೇಳ್ರಿ.”

ನಾನು ಹೇಳಿದೆ, “ಇಲ್ಲ. ಅಲ್ಲೇ ಸತ್ತಳು. ಕಥಿ ಮುಗೀತು. ಈಗ ಪಾಟಿ ತಗಿ.”

ನೀನು ಅಳಲಿಲ್ಲ. ಲಂಗದ ತುದಿಯಿಂದ ಪಾಟಿ ಒರೆಸಿ, ಐದೂ ಲೆಕ್ಕ ಸರಿ ಮಾಡಿ ತೋರಿಸಿದೆ. ನನಗೆ — ಇದನ್ನೂ ಮುಚ್ಚಿಡುವುದಿಲ್ಲ — ಖುಷಿಯಾಯಿತು. ಮದ್ದು ಹತ್ತಿತು ಅಂದುಕೊಂಡೆ. ಒಳಗಿನಿಂದ ನಿನ್ನ ಕಾಕಿ, “ಕೂಸು ಯಾಕ ಮಾತಾಡವಲ್ದು?” ಎಂದು ಕೇಳಿದಳು. ಓದಲಿಕ್ಕೆ ಕೂತಿದೆ ಅಂದೆ.

ಅದೇ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತು ಆ ಪುಸ್ತಕ ತೆರೆದೆ, ಎರಡು ಪುಟ ನೋಡಿ ಪೆಟ್ಟಿಗೆಗೆ ಹಾಕೋಣವೆಂದು. ಮುಗಿಸದೆ ಏಳಲಾಗಲಿಲ್ಲ. ಹುಡುಗಿ ಕೆಳಗಿನ ಊರಿನ ಮಾತು ಕಲಿಯುತ್ತಾಳೆ. ಆಮೆ ಆಕೆಗೆ ಅಜ್ಜಿಯಂತಾಗುತ್ತದೆ. ತೌರು ನೋಡಬೇಕೆಂದು ಆಕೆ ಹಂಬಲಿಸಿದಾಗ ಆ ಊರಿನವರೆಲ್ಲ ಕೂಡಿ ಬಾವಿಯ ಗೋಡೆಗೆ ಮೆಟ್ಟಿಲು ಕಡಿದು ಕೊಡುತ್ತಾರೆ. ಆಕೆ ಹತ್ತಿ ಬರುತ್ತಾಳೆ. ಅವ್ವನ ಕೈಯಿಂದ ಉಂಡು, ಕೆಲವು ದಿನ ಇದ್ದು, ತಾನಾಗಿಯೇ ಮತ್ತೆ ಇಳಿಯುತ್ತಾಳೆ. ಮುಂದೆ ಬೇಕೆಂದಾಗ ಹತ್ತುತ್ತಾಳೆ, ಬೇಕೆಂದಾಗ ಇಳಿಯುತ್ತಾಳೆ. ಎರಡೂ ಊರು ಆಕೆಯವೇ.

ನೀನು ಹತ್ತು ಮಾರು ದೂರದಲ್ಲಿ ಕಾಳು ಆರಿಸುತ್ತಾ ಕೂತಿದ್ದೆ. ಕರೆದು ಹೇಳಬಹುದಿತ್ತು. ಹೇಳಿದರೆ ಮಾಸ್ತರ ಸುಳ್ಳಾಡಿದನೆಂದು ಗೊತ್ತಾಗುತ್ತಿತ್ತು — ಅಷ್ಟೇ. ಅಷ್ಟಕ್ಕೇ ಸುಮ್ಮನಾದೆ.

ನಿನ್ನನ್ನು ಔರಾದಕ್ಕೆ ಕಳಿಸಿದ ದಿನ ಗಾಡಿ ಹೂಡಿದ್ದರು. ನೀನು ಗಾಡಿಯ ಗೂಟ ಹಿಡಿದು ಕೂತು, “ಕಾಕಾ, ನಾ ತಿರುಗಿ ಬರ್ತೇನಿಲ್ರಿ?” ಎಂದು ಕೇಳಿದೆ. ಪಂಚಮಿಗೆ ಕರೆಯಲು ನಾನೇ ಬರ್ತೇನಿ ಎಂದು ನಕ್ಕೆ. ಆ ಪ್ರಶ್ನೆಯನ್ನು ನೀನು ಮೊದಲೇ ಒಂದು ಸಲ ಕೇಳಿದ್ದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಆರು ವರ್ಷಗಳ ಮೇಲೆ. ಆಗ ಓಣಿಯ ಮಕ್ಕಳಿಗೆ ಸಂಜೆ ಕನ್ನಡ ಕಲಿಸಲು ಸುರು ಮಾಡಿದ್ದೆ. ಅಕ್ಷರ ಕೂಡಿಸಲು ಬೇಸರಪಟ್ಟು ಮಕ್ಕಳು ಎದ್ದು ಓಡುತ್ತಿದ್ದರು. ಏನೂ ತೋಚದೆ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದೆ. ಎಂಟೇ ದಿನಕ್ಕೆ ಪಡಸಾಲೆ ತುಂಬಿತು. ಮುಂದೇನಾಯಿತೆಂದು ತಿಳಿಯುವ ಆಸೆಗೆ, ಒತ್ತಕ್ಷರ ಕಂಡರೆ ಹೆದರುತ್ತಿದ್ದ ಮಕ್ಕಳೂ ತಡವರಿಸುತ್ತ ಪುಟ ದಾಟಿದರು. ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಖಟಕ ಚಿಂಚೋಳಿಯಿಂದ ಅಜ್ಜಿಯ ಮನೆಗೆ ಬಂದಿದ್ದ ಒಬ್ಬ ಹುಡುಗಿ. ಒಂದು ಸಂಜೆ ಆಕೆ ನಡುವೆ ಬಾಯಿ ಹಾಕಿದಳು.

“ಮಾಸ್ತರ್, ಈಕಿ ಬಾವಿಗೇನು ಇಳಿದಿಲ್ಲ ತಗೋರಿ. ಗಂಡನ ಮನಿಗಿ ಹೋಗ್ಯಾಳ.”

ಮಕ್ಕಳೆಲ್ಲ ನಕ್ಕರು. ನನಗೆ ಮುಂದಿನ ಸಾಲು ಕಾಣಿಸಲಿಲ್ಲ.

ತಿಳಿಯದ ಮಾತಿನ ಊರು, ದಿನಕ್ಕೊಂದು ಕೆಲಸ ಹೇಳುವ ಮುದುಕಿ... ನೀನು ಒಬ್ಬಳೇ, ಯಾರಿಗೂ ಹೇಳದೆ, ಆ ಪುಟಗಳಲ್ಲಿ ಔರಾದಕ್ಕೆ ಹೋಗಿ ನೋಡಿಬರುತ್ತಿದ್ದೆ. ಅಂಜಿಕೆಯನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಳ್ಳುತ್ತಿದ್ದೆ. ಹಿಂದಕ್ಕೆ ಬರುವ ದಾರಿ ಇದೆಯೇ ಎಂದು ಕೇಳಿದಾಗ ನಾನು, ಓದು ಬಲ್ಲವನು, ಇಲ್ಲ ಎಂದೆ. ಕಟ್ಟುಕಥೆ ಮಕ್ಕಳನ್ನು ಕೆಡಿಸುತ್ತದೆ ಎಂದು ನಂಬಿದ್ದವನು ನಾನು. ಕೆಡಿಸಿದ್ದು ನಾನು ಕಟ್ಟಿದ ಕಥೆ.

ಆಗಲೂ ಬರೆಯಲಿಲ್ಲ. ನೀನು ಚೆನ್ನಾಗಿದ್ದೀ, ಮರೆತಿರುತ್ತೀ ಎಂದು... ಮರೆಯಲಿ ಎಂದು. ಪಂಚಮಿಗೆ ನೀನು ಬಂದುಹೋದಾಗಲೆಲ್ಲ ನಿನ್ನ ಕಾಕಿ ಹೇಳುತ್ತಿದ್ದಳು, ನೀನು ವಚನ ಓದುತ್ತೀ, ಕಾಗದ ಓದುತ್ತೀ, ಕಥೆಯ ಪುಸ್ತಕ ಕೊಟ್ಟರೆ ಮಾತ್ರ ತೆಗೆದು ಪಕ್ಕಕ್ಕಿಡುತ್ತೀ ಎಂದು. ನಾನು ಕೇಳಿಸದವನಂತೆ ಜೋಳಿಗೆ ಹೆಗಲಿಗೇರಿಸಿ ಹೊರಗೆ ಹೋಗುತ್ತಿದ್ದೆ.

ಹೋದ ತಿಂಗಳು ಔರಾದಕ್ಕೆ ಬಂದಿದ್ದೆನಲ್ಲ. ನಾನು ಕಟ್ಟೆಯ ಮೇಲಿದ್ದೆ. ನೀನು ಒಳಗೆ ಮಗಳು ಗಂಗೆಯ ತಲೆ ಬಾಚುತ್ತಾ ಕಥೆ ಹೇಳುತ್ತಿದ್ದೆ. ಬಾವಿ, ಆಮೆ, ನೆರಳು ಒಗೆಯುವುದು — ಒಂದೂ ಬಿಡದೆ. ಇಪ್ಪತ್ತು ವರ್ಷ ಒಂದು ಮಾತೂ ಮರೆತಿರಲಿಲ್ಲ. ಕಡೆಗೆ ನೀನು, “ಆಕಿ ಅಲ್ಲೇ ಸತ್ತಳು,” ಎಂದೆ. ಗಂಗೆ ಹಣಿಗೆ ಕಸಿದುಕೊಂಡು, “ಹಾಂಗ ಬ್ಯಾಡ. ಬ್ಯಾರೆ ಹೇಳು,” ಎಂದು ಹಟ ಹಿಡಿದಳು. ಅವಳಿಗೂ ಈಗ ಹತ್ತು.

ನಾನು ಹೊಸ್ತಿಲ ತನಕ ಬಂದು, “ಬ್ಯಾರೆ ಹೇಳಬಾರದೇನು ಕೂಸಿಗೆ?” ಎಂದೆ. ಅದೂ ಹೇಡಿಯ ಮಾತೇ.

ನೀನು ತಲೆ ಎತ್ತಿ ಅಕ್ಕರೆಯಿಂದ ನಕ್ಕೆ. “ಹ್ಯಾಂಗ ಹೇಳ್ಲಿ ಕಾಕಾ? ಪುಸ್ತಕದಾಗ ಇದ್ದದ್ದು ನೀವೇ ಹೇಳಿದ್ರಿ. ನೀವು ಸುಳ್ಳ ಆಡಂಗಿಲ್ಲ.”

ನೀನು ಬಡಿಸಿದ್ದನ್ನು ಉಂಡು, ನಾನು ನಿಜ ಹೇಳದೆಯೇ ಭಾಲ್ಕಿಗೆ ಮರಳಿದೆ.

ಆ ಪುಸ್ತಕವನ್ನೇ ನಿನಗೆ ಕಳಿಸಬೇಕೆಂದಿತ್ತು. ಆದರೆ ಅದು ಈಗಿಲ್ಲ. ಮಕ್ಕಳ ಕೈಯಲ್ಲಿ ಸವೆದು ಹಾಳೆ ಹಾಳೆಯಾಯಿತು. ಕಡೆಯ ಹಾಳೆಯನ್ನು ಯಾವುದೋ ಮಗು ಮನೆಗೆ ಒಯ್ದಿತು, ನಾನು ಕೇಳಲಿಲ್ಲ. ಭಾಲ್ಕಿಯ ಎಷ್ಟೋ ಮಕ್ಕಳಿಗೆ ಆ ಹುಡುಗಿ ಮೇಲೆ ಬಂದದ್ದು ಗೊತ್ತು. ಗೊತ್ತಿಲ್ಲದವಳು ನೀನೊಬ್ಬಳೇ. ನೀನು ಹೇಳಿದ್ದರಿಂದ ಗಂಗೆಯೂ.

ಈ ಕಾಗದ ಓದಿ ನಿನಗೆ ಏನನಿಸುತ್ತದೋ ತಿಳಿಯದು. ತಪ್ಪಾಯಿತು ಎನ್ನುವುದರ ಮುಂದೆ ನನ್ನಲ್ಲಿ ಮಾತಿಲ್ಲ. ಬರುವ ಸೋಮವಾರ ನಾನೇ ಔರಾದಕ್ಕೆ ಬರುತ್ತೇನೆ. ಸಿಟ್ಟು ಬಂದಿದ್ದರೆ ಒಳಗೆ ಕರೆಯಬೇಡ, ನೀರೂ ಕೊಡಬೇಡ. ಗಂಗೆಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ನನಗೆ ನೆನಪಿರುವಷ್ಟನ್ನು ಇದ್ದಂತೆಯೇ ಹೇಳಿ ಹೋಗುತ್ತೇನೆ. ಬಾಗಿಲು ಮಾತ್ರ ಮುಚ್ಚಬೇಡ, ತಾಯಿ. ನಿನಗೂ ಕೇಳಿಸಬೇಕು.