ಫಸೀಲಾಳ ನಲವತ್ತೈದು ದಿನಗಳು

ಉಪ್ಪಳದ ಫ್ಯಾನ್ಸಿ ಅಂಗಡಿ ಮೂಸಬ್ಬರ ಮಗಳು ಫಸೀಲಾ ಮಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ಕೋರ್ಸಿಗೆ ಸೇರಿದಾಗ, “ಜನರ ಹತ್ತಿರ ಮಾತಾಡಲಿಕ್ಕೂ ಕಾಲೇಜು ಬೇಕಾ?” ಎಂದು ನಕ್ಕವರೇ ಹೆಚ್ಚು. ಬಳೆ ಮಾರುತ್ತ ಬೆಳೆದ ಹುಡುಗಿಗೆ ಮಾತು ನೀರು ಕುಡಿದಷ್ಟು ಸಲೀಸು. ಕಷ್ಟವಾದದ್ದು ಇಂಟರ್ನ್‌ಶಿಪ್. ನಲವತ್ತೈದು ದಿನ ಎಲ್ಲಾದರೂ ದುಡಿದು ಸರ್ಟಿಫಿಕೇಟ್ ತಾರದಿದ್ದರೆ ಪದವಿಯಿಲ್ಲ. ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿದ್ದವೆಲ್ಲ ಬೆಂಗಳೂರಿನ ಏಜೆನ್ಸಿಗಳು. ಅಷ್ಟು ದೂರ ಮನೆಯಲ್ಲಿ ಕಳಿಸುವುದಿಲ್ಲ. ಹದಿನೇಳು ಕಡೆ ಅರ್ಜಿ ಹಾಕಿದ ಮೇಲೆ, 2016ರ ಮಾರ್ಚಿನಲ್ಲಿ, ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆ ಅವಳನ್ನು ಕರೆಯಿತು.

ನಲವತ್ತೊಂದನೆಯ ದಿನ ಅಲ್ಲಿಯ ಪಿ.ಆರ್.ಓ. ಕೃಷ್ಣಕುಮಾರ ಅವಳನ್ನು ಕೋಣೆಗೆ ಕರೆದರು. ಕುಂಬಳೆಯ ಝುಹ್ರಾ ಎಂಬ ಹುಡುಗಿ ಹೆರಿಗೆಯ ಮರುದಿನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದಳು. ಡಾಕ್ಟರು ಬರಲು ತಡ ಮಾಡಿದರೆಂದು ಅವಳ ಅಣ್ಣ ಉನೈಸ್ ಪೊಲೀಸರಿಗೆ ದೂರು ಕೊಡುವವನಿದ್ದ.

“ನಮ್ಮನ್ನು ಆ ಮನೆಯ ಗೇಟಿನ ಒಳಗೆ ಬಿಡುವುದಿಲ್ಲ. ನೀನಾದರೆ ಹೆಂಗಸರ ಕೋಣೆಯವರೆಗೂ ಹೋಗಬಹುದು, ಬ್ಯಾರಿ ಭಾಷೆಯೂ ಉಂಟು. ತಾಯಿ ಎಂತ ಹೇಳ್ತಾರೆ ಕೇಳಿಕೊಂಡು ಬಾ. ಸರ್ಟಿಫಿಕೇಟ್ ಒಳ್ಳೇದು ಬರೀತೇನೆ.”

ಸಾವಿನ ಮನೆಯಲ್ಲಿ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಫಸೀಲಾ ಸಲಾಂ ಹೇಳಿದಳು, ಹೆಂಗಸರು ಚಾಪೆಯಲ್ಲಿ ಸರಿದು ಜಾಗ ಕೊಟ್ಟರು. ತಾಯಿ ಉಮ್ಮಾಲಿಮ್ಮ ಅವಳ ಕೈ ಹಿಡಿದುಕೊಂಡರು. ಪಕ್ಕದಲ್ಲಿ ಆರು ದಿನದ ಕೂಸು ಬಾಯಿ ಚಪ್ಪರಿಸುತ್ತಿತ್ತು. ಅದನ್ನು ಕಂಡದ್ದೇ ಫಸೀಲಾಳಿಗೆ ದುಃಖ ಒತ್ತರಿಸಿ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಉಮ್ಮಾಲಿಮ್ಮನೇ ಅವಳ ಬೆನ್ನು ಸವರಿದರು.

“ಅಳಬೇಡ ಮೋಳೇ. ಅಲ್ಲಾಹನ ವಿಧಿ. ಯಾರನ್ನು ದೂರಿ ಎಂತ ಮಾಡುವುದು?”

ಎಂಥ ಸಾವಿನಲ್ಲೂ ಆ ಕಡೆಯವರು ಹೇಳುವ ಮಾತದು. ಅದಕ್ಕೆ ಪೊಲೀಸು, ದೂರು ಯಾವುದರ ಸಂಬಂಧವೂ ಇಲ್ಲ. ಫಸೀಲಾಳಿಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಆಫೀಸಿಗೆ ಬಂದು ಅದನ್ನೇ ತಾಯಿಯ ಹೇಳಿಕೆಯೆಂದು ಬರೆದು ಕೊಟ್ಟಳು. ಇನ್ನು ನಾಲ್ಕೇ ದಿನ ಬಾಕಿ ಇತ್ತು ನೋಡಿ!

ಮರುದಿನ ಕನ್ನಡ, ಮಲಯಾಳ ಎರಡೂ ಪತ್ರಿಕೆಗಳಲ್ಲಿ ಬಂತು: ‘ಆಸ್ಪತ್ರೆಯ ಮೇಲೆ ದೂರಿಲ್ಲ: ಮೃತೆಯ ತಾಯಿ’. ಸಾಕ್ಷಿ ಹೇಳುತ್ತೇವೆಂದಿದ್ದ ನೆಂಟರೆಲ್ಲ, “ನಿನ್ನ ಉಮ್ಮನಿಗೇ ಇಲ್ಲದ ದೂರು ನಿನಗೆಂತಕ್ಕೆ ಮಾರಾಯ?” ಎಂದು ಉನೈಸನಿಂದ ಜಾರಿಕೊಂಡರು. ಬರೆದಿಟ್ಟ ದೂರು ಅವನ ಜೇಬಿನಲ್ಲೇ ಉಳಿಯಿತು.

ಫಸೀಲಾಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಸರ್ಟಿಫಿಕೇಟ್ ಕೈಗೆ ಬಂದ ದಿನ ನೇರ ಕುಂಬಳೆಗೆ ಹೋದಳು.

“ನಾನು ಆಸ್ಪತ್ರೆಯ ಕಡೆಯಿಂದ ಬಂದಿದ್ದೆ ಉಮ್ಮಾ. ನಿಮ್ಮ ಮಾತನ್ನು ಅವರಿಗೆ ಕೊಟ್ಟದ್ದು ನಾನೇ. ಉನೈಸರು ದೂರು ಕೊಡಲಿ, ಎಲ್ಲಿ ಬೇಕಾದರೂ ಬಂದು ಇದನ್ನು ಹೇಳ್ತೇನೆ.”

ಉಮ್ಮಾಲಿಮ್ಮ ಬೈಯಲಿಲ್ಲ.

“ಅವತ್ತು ನೀನು ಅತ್ತದ್ದು? ಅದೂ ಕೆಲಸಕ್ಕಾ?”

“ಅಲ್ಲ ಉಮ್ಮಾ,” ಎಂದಳು ಫಸೀಲಾ.

ಉಮ್ಮಾಲಿಮ್ಮ ನಂಬಲಿಲ್ಲ. ಕೂಸನ್ನು ಎತ್ತಿಕೊಂಡು ಒಳಗೆ ಹೋದರು.