ಹುಲಿಗೆಮ್ಮನ ಕತ್ತರಿ

ಕುಷ್ಟಗಿ ಕಡೆಯ ಪ್ರತಿ ಶಾಲೆಯಲ್ಲೂ ಒಬ್ಬಳು ಕತ್ತರಿ ಹುಡುಗಿ ಇರುತ್ತಾಳೆ. ಚಿತ್ರಕಲಾ ಮಾಸ್ತರನಾದ ನನ್ನ ಪಾಲಿಗೆ ಬಂದವಳು ಏಳನೇ ತರಗತಿಯ ಹುಲಿಗೆಮ್ಮ. ಬೀಜದ ಚೀಲ, ಬಿಸ್ಕತ್ತಿನ ಪೊಟ್ಟಣ, ನನ್ನ ಹಾಜರಿ ಪುಸ್ತಕದ ರಟ್ಟು, ಅವಳ ಕೈಗೆ ಸಿಕ್ಕರೆ ಮುಗಿಯಿತು. ಸ್ವಾತಂತ್ರ್ಯ ದಿನದ ಪ್ರಭಾತಫೇರಿಯ ಚಿತ್ರವನ್ನು ಬಣ್ಣದ ಕಾಗದ ಅಂಟಿಸಿ ಮಾಡಿರೆಂದರೆ, ಮುಖ್ಯ ಅತಿಥಿಯನ್ನು ಮೂಲೆಗೆ ತಳ್ಳಿ ಎಮ್ಮೆಗಳನ್ನು ಸಾಲಿನಲ್ಲಿ ನಡೆಸುತ್ತಾಳೆ. ಗದರಿದರೆ, “ಅವೂ ನಮ್ಮೂರಾಗ ಅದಾವಲ್ರಿ ಸರ!” ಈ ವರ್ಷದ ಚಿತ್ರದಲ್ಲಿ ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ನಡೆದಿದ್ದಳು ಅವಳ ಅಕ್ಕ, ಒಂಬತ್ತನೇ ತರಗತಿಗೇ ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಸಿದ ಹುಡುಗಿ. ಹಿಂದೆ ಹಾಳೆ ತುಂಬ ಹುಡುಗಿಯರು, ಎಲ್ಲರ ಲಂಗವೂ ಹೊಳೆಯುವ ಕೆಂಪು. “ಇಷ್ಟು ಛಲೋ ಕಾಗದ ಎಲ್ಲಿಂದ ತಂದಿ?” ಎಂದೆ. ಕತ್ತರಿ ಕೆಳಗಿಡದೆ ನನ್ನನ್ನೇ ದಿಟ್ಟಿಸಿದಳು: “ಅಕ್ಕನ ಲಗ್ನಪತ್ರಿಕಿರಿ ಸರ. ಹಂಚಾಕ ಒಂದೂ ಉಳಿಸಿಲ್ರಿ.”